ಮಂಜಿನಲ್ಲಿ ಕತೆ ನಿಲ್ಲಿಸದ ಟಾಲ್ಕೆ

ಲುಂಡೆಹೋಲ್ಮ್ ದ್ವೀಪದಲ್ಲಿ ಟಾಲ್ಕೆ ನೊಮ್ಮೆನ್‌ಸನ್ ಬಾಯಿಂದ ಕತೆ ಕೇಳಬೇಕಾದರೆ ಒಂದು ಹೊರೆ ಕಡ್ಡಿ ಕೊಡಬೇಕು. ಅದನ್ನು ತಾವೇ ಹೊತ್ತು ತಂದು, ಕೆಸರಿನಲ್ಲಿ ಮೊಣಕಾಲುದ್ದ ಹೂತುಕೊಂಡು, ಅವಳ ಬೇಲಿಗೆ ತುರುಕಬೇಕು. ಸೊಂಟನೋವಿನವರಿಗೆ ಅರ್ಧ ಹೊರೆ. ಬರೀ ಕಿವಿ ಹೊತ್ತು ತಂದವರಿಗೆ ಕತೆಯಿಲ್ಲ. ಅವರು ಪಾದ್ರಿಯಾದರೂ ಅಷ್ಟೇ.

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಉತ್ತರ ಸಮುದ್ರ ಇಳಿದು ದೂರ ಹೋಗಿದೆ. ಮನೆಗಳಿರುವ ಎರಡು ದಿಬ್ಬಗಳಿಂದ ಜನ ಕೆಸರಿಗೆ ಇಳಿಯುತ್ತಿದ್ದಾರೆ. ಮುಂದೆ ಅರವತ್ತು ದಾಟಿದ ಟಾಲ್ಕೆ, ಹೆಗಲಲ್ಲಿ ತಂತಿಯ ಸುರುಳಿ, ಕೈಯಲ್ಲಿ ಮರದ ಕೊಡತಿ; ಹಿಂದೆ ಎಂಟು ಜನ. ಎರಡು ಸಾಲು ಗೂಟ, ನಡುವೆ ಅಮುಕಿ ಬಿಗಿದ ಕಡ್ಡಿ, ಬೇಲಿ ಎಂದರೆ ಇಷ್ಟೇ. ಭರತದ, ಅಂದರೆ ಉಬ್ಬರದ, ನೀರು ಅದರೊಳಗೆ ಬಂದು ಸುಮ್ಮನಾಗುತ್ತದೆ, ತಂದ ಮಣ್ಣನ್ನು ಇಳಿಸಿ ಹೋಗುತ್ತದೆ. ವರ್ಷಗಳು ಕಳೆದರೆ ಅಲ್ಲಿ ಹುಲ್ಲು, ಹುಲ್ಲಿಗೆ ಹೆಬ್ಬಾತು. ಅಲೆಯ ಪೆಟ್ಟನ್ನು ಆ ಹುಲ್ಲುನೆಲ ತಿಂದರೆ ದಿಬ್ಬ ಉಳಿಯುತ್ತದೆ.

ಪಡುವಣ ಕಡೆ ಹತ್ತು ಮಾರು ಬೇಲಿ ಬಾಕಿಯಿದೆ. ನಾಳೆ ಬಿರುಗಾಳಿ ಎಂದು ರೇಡಿಯೋ ಹೇಳಿದೆ. ಆ ಬಾಯಿ ತೆರೆದೇ ಇದ್ದರೆ ನೀರು ಅಲ್ಲೇ ನುಗ್ಗಿ, ಒಳಗೆ ಕೂತ ಮಣ್ಣನ್ನೆಲ್ಲ ಎಳೆದೊಯ್ಯುತ್ತದೆ. ಇದು ಎಲ್ಲರಿಗೂ ಗೊತ್ತು. ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ.

ಮೊದಲು ಈ ಕೆಲಸಕ್ಕೆ ಆಚೆ ದಡದಿಂದ ಆಳುಗಳು ಬರುತ್ತಿದ್ದರು. ಅವರು ಬರುವುದು ನಿಂತಮೇಲೆ ಟಾಲ್ಕೆ ಒಬ್ಬಳೇ ಉಳಿದಳು. ನೆರವು ಕೇಳೋಣವೆಂದರೆ ಎರಡು ದಿಬ್ಬದವರಿಗೂ ಕುರಿಮೇವಿನ ಜಗಳ; ಇವರಿದ್ದಲ್ಲಿ ಅವರು ಬರರು.

“ನಾನೇನು ಕತೆಗಾರ್ತಿ ಅಲ್ಲ, ನಂಗೆ ಆಳು ಬೇಕಿತ್ತು,” ಎನ್ನುತ್ತಾಳೆ ಅವಳು. “ಅರ್ಧ ಹೇಳಿ ನಿಲ್ಲಿಸ್ತಿದ್ದೆ. ಉಳಿದದ್ದಕ್ಕೆ ಮಾರನೇ ದಿನ ಬಂದೇ ಬರ್ತಿದ್ರು. ಪಕ್ಕದಲ್ಲಿ ನಿಂತೋರು ಯಾವ ದಿಬ್ಬದೋರು ಅಂತ ನೋಡೋಕೆ ಪುರಸೊತ್ತೆಲ್ಲಿ?”

ಅವಳದು ಸಮುದ್ರದ ಹತ್ತಿರ ಹಾಸಿಗೆಯಗಲ ನೆಲ ಬೇಡಿದ ಬಾತುಗಾರ್ತಿಯ ಕತೆ. ಭರತಕ್ಕೊಂದು ಮುಷ್ಟಿ ಮಣ್ಣು ಕೊಡುತ್ತೇನೆ, ಕಾಯುತ್ತೀಯಾ ಎಂದು ಸಮುದ್ರ ಕೇಳುತ್ತದೆ. ಆರು ವರ್ಷವಾಯಿತು, ಕತೆ ಮುಗಿದಿಲ್ಲ. ಕುರಿ ಸಾಕುವ ಬಾಹ್ನೆ ಹೊರೆ ಹೊರುತ್ತಾನೆ, ಕತೆಗೆ ಮಾತ್ರ ಮೂಗು ಮುರಿಯುತ್ತಾನೆ.

“ನಿನ್ನ ಬಾತುಗಾರ್ತಿ ಇಷ್ಟೊತ್ತಿಗೆ ಸತ್ತು ಸುಣ್ಣ ಆಗಿರ್ಬೇಕು.”

“ನಿನ್ನ ಕುರಿಗಿಂತ ಗಟ್ಟಿಯಾಗಿದ್ದಾಳೆ. ಕಡ್ಡಿ ತಾ, ಹೋಗು.”

ಕಡ್ಡಿಯ ರಾಶಿ ಕೆಸರನ್ನು ಸೀಳಿ ಹರಿಯುವ ತೋಡಿನ ಆಚೆಗಿದೆ. ಬಾಹ್ನೆ ಒಬ್ಬನೇ ಹೋಗುತ್ತಾನೆ. ಅಷ್ಟರಲ್ಲಿ ಮಂಜು. ಅದು ಬರುವುದು ಕಾಣುವುದಿಲ್ಲ, ಬಂದದ್ದಷ್ಟೇ ಕಾಣುತ್ತದೆ. ದಿಬ್ಬ ಹೋಯಿತು, ಬೇಲಿ ಹೋಯಿತು, ಕಡೆಗೆ ತಮ್ಮ ತಮ್ಮ ಬೂಟೂ ಕಣ್ಣಿಂದ ಹೋಯಿತು. ಮಂಜು ಕವಿದಾಗ ಟಾಲ್ಕೆ ಕತೆ ನಿಲ್ಲಿಸಕೂಡದು ಎಂಬುದು ಇಲ್ಲಿಯ ಕಟ್ಟಳೆ. ಒಂದು ಕೂಗು ಯಾವ ದಿಕ್ಕಿನದೆಂದು ಮಂಜಿನಲ್ಲಿ ತಿಳಿಯದು. ಎಡೆಬಿಡದ ಮಾತಿನ ಜಾಡು ಹಿಡಿದು ಬರಬಹುದು. ಕತೆ ಹೇಳುತ್ತಲೇ ಟಾಲ್ಕೆ ಒಬ್ಬೊಬ್ಬರ ಹೆಸರು ಕರೆಯುತ್ತಾಳೆ. ಏಳು ಜನ ಓಗೊಡುತ್ತಾರೆ. ಬಾಹ್ನೆ ಇಲ್ಲ.

ಬೂಟಿನ ಸುತ್ತ ತಣ್ಣಗೆ ನೀರು ಆಡುವ ಸದ್ದು. ಭರತ ತಿರುಗಿದೆ. ಮೊದಲು ತುಂಬುವುದು ತೋಡು, ಅಂದರೆ ಬಾಹ್ನೆಯ ದಾರಿ. ಇನ್ನು ಐದೇ ಮಾರು ಬೇಲಿ. ಎಲ್ಲ ಕೈಗಳೂ ಇಲ್ಲೇ ಇದ್ದರೆ ಮುಗಿಯುತ್ತದೆ. ಟಾಲ್ಕೆ ಕೊಡತಿ ಕೆಳಗೆ ಹಾಕುತ್ತಾಳೆ.

ಒಬ್ಬರ ದನಿ ಒಬ್ಬರಿಗೆ ಕೇಳುವಷ್ಟು ದೂರದಲ್ಲಿ, ತೋಡಿನ ಕಡೆಗೆ ಸಾಲು ನಿಲ್ಲಲು ಹೇಳುತ್ತಾಳೆ. ಅವಳ ದನಿ ಮುಟ್ಟದಲ್ಲಿ ಪಕ್ಕದ ದಿಬ್ಬದ ಇಂಕೆ ಕತೆ ಎತ್ತಿಕೊಳ್ಳುತ್ತಾಳೆ, ಅವಳಿಂದ ಮುಂದಿನವರು. ಹಲ್ಲು ಕಟಕಟ ಎನ್ನುತ್ತಿದೆ, ಮಾತು ತಡವರಿಸುತ್ತಿದೆ, ಆದರೆ ಯಾರೂ ನಿಲ್ಲಿಸುವುದಿಲ್ಲ. ನೀರು ಮೊಣಕಾಲಿಗೆ ಬಂದಾಗ ಯಾರೂ ನೋಡದ ಬದಿಯಿಂದ, ಎದೆಮಟ್ಟ ನೆನೆದ ಬಾಹ್ನೆ ಕಾಲೆಳೆದುಕೊಂಡು ಬರುತ್ತಾನೆ.

“ಹಳೇದನ್ನೇ ಹೇಳ್ತಿದ್ರಲ್ಲ,” ಎನ್ನುತ್ತಾನೆ. “ಬಾತಿನ ಕಾಲು ಮುರಿದದ್ದು ಹೋದ ವರ್ಷವೇ ಹೇಳಿಯಾಗಿತ್ತು.”

ಬಿರುಗಾಳಿ ಬಂದು ಹೋದ ಮೂರನೇ ದಿನ ಟಾಲ್ಕೆ ಮತ್ತೆ ಕೆಸರಿನಲ್ಲಿದ್ದಾಳೆ. ಬಿರುಗಾಳಿಯ ಭಯ ಹೋಯಿತೇ ಎಂದು ಕೇಳಿದರೆ ಇಲ್ಲವೆಂದು ತಲೆಯಾಡಿಸುತ್ತಾಳೆ. “ಗಾಳಿ ಎದ್ರೆ ಇವತ್ತಿಗೂ ನಿದ್ದೆ ಬರಲ್ಲ. ಕಿಟಕಿ ಹತ್ರ ಕೂತ್ಕೋತೀನಿ. ಈಗ ಪಕ್ಕದ ದಿಬ್ಬದಲ್ಲೂ ದೀಪ ಹತ್ತುತ್ತೆ, ಟಾಲ್ಕೆ ಎದ್ದಿದ್ದಾಳಾ ಅಂತ ಫೋನ್ ಬರುತ್ತೆ. ಇನ್ನೊಂದೆರಡು ಜೊತೆ ಕೈ ಬಂದ್ರೆ ಸಾಕು, ಬೇರೇನು ಬೇಕು?”

ಪಡುವಣ ಬೇಲಿಯೊಳಗೆ ಎರಡು ವರ್ಷ ಕೂತಿದ್ದ ಮಣ್ಣು ಒಂದೇ ಬಿರುಗಾಳಿಗೆ ಹೋಯಿತು. ಕೆಸರಿಗೆ ಇಳಿದಿದ್ದ ಒಂಬತ್ತು ಜನರೂ ಉಳಿದರು.