ಬಿಚ್ಚಬಾರದ ಟ್ರ್ಯಾಕ್ಟರ್

"ಅಕ್ಕಾರ, ಇದು ಆಹೇರದ ಮಾಲ್ ರೀ. ಕೊಡಾಕ ಐತಿ, ಆಡಾಕಲ್ಲ. ಬಿಚ್ಚಂತ ಯಾರ್ ಹೇಳಿದ್ರು ನಿಮಗ?"

ಇಚಲಕರಂಜಿಯ ಆಟಿಕೆ ಅಂಗಡಿಯವನ ಈ ಮಾತಿಗೆ ನನ್ನ ಮೈಯೆಲ್ಲ ಉರಿಯಿತು. ಗಡಹಿಂಗ್ಲಜದಲ್ಲಿ ತಂಗಿಯ ಮೊಮ್ಮಗಳ ಹುಟ್ಟುಹಬ್ಬಕ್ಕೆ ನಾನು ಇವನ ಬಳಿಯೇ ಕೊಂಡು ಕೊಟ್ಟ ಆಟಿಕೆ ಟ್ರ್ಯಾಕ್ಟರನ್ನು ಮಗು ನೂಕಿದ್ದೇ ತಡ, ಗಾಲಿ ಕಳಚಿ ಬಿದ್ದಿತ್ತು. ಅದನ್ನೇ ಅವನ ಮುಂದಿಟ್ಟಿದ್ದೆ. ಮದುವೆಯಲ್ಲಿ ಆಹೇರವಾಗಿ, ಅಂದರೆ ಉಡುಗೊರೆಯಾಗಿ ಬಂದ ಖಣದ ಕುಪ್ಪಸದ ಬಟ್ಟೆ ಮಡಿಕೆ ಬಿಚ್ಚದೆ ಮನೆಯಿಂದ ಮನೆಗೆ ತಿರುಗುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಮಕ್ಕಳ ಆಟಿಕೆಗೂ ಅದೇ ಗತಿಯೇ?

"ಖಣ ಕಪಾಟಿನ್ಯಾಗ ಸುಮ್ನ ಕುಂದರತೈತಿ. ಕೂಸು ಕುಂದರತೈತೇನ?" ಎಂದು ಕೂಗಿದೆ. ಅವನು ಟ್ರ್ಯಾಕ್ಟರನ್ನು ನನ್ನತ್ತಲೇ ತಳ್ಳಿ ಮೊಬೈಲ್ ನೋಡತೊಡಗಿದ.

ಈಗ ಯಾವ ಆಟಿಕೆ ಕೊಂಡರೂ ಅಂಗಡಿಯಲ್ಲೇ ಡಬ್ಬಿ ಹರಿದು, ಕೌಂಟರಿನ ಮೇಲೆ ಓಡಿಸಿ ನೋಡುತ್ತೇನೆ. ಹರಿದ ಡಬ್ಬಿ ಕೊಟ್ಟಳೆಂದು ನೆಂಟರು ಆಡಿಕೊಳ್ಳಲಿ, ಕೂಸಿನ ಕೈಯಲ್ಲಿ ಗಾಲಿ ತಿರುಗಬೇಕು.