ಭಾವನ ಬೋಟಿನ ಮೀಟರು

ನನ್ನ ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ, ಬೋಟಿನ ಹುಚ್ಚಿಗಿಂತ ಬಣ್ಣದ ಹುಚ್ಚು ಹೆಚ್ಚು. ಮಳೆಗಾಲದಲ್ಲಿ ಮೀನುಗಾರಿಕೆ ಬಂದ್ ಇದ್ದಾಗ ಉಳಿದವರು ಬೋಟಿನ ಹೊರಮೈಗೆ ಬಣ್ಣ ಹೊಡೆದರೆ, ಈ ಪುಣ್ಯಾತ್ಮ ಇಂಜಿನ್ನಿಗೂ ಹೊಡೆದ. ಅದೂ ಎರಡೆರಡು ಕೋಟ್ ಹಸಿರು. ಹೊನ್ನಾವರದ ಬಂದರಿನಲ್ಲಿ ಇದ್ದವರೆಲ್ಲ ಬಂದು ನೋಡಿ ಚಂದ ಆಯಿತು ಎಂದರಂತೆ. ಹೊಗಳುವವರಿಗೇನು, ಆ ಬೋಟಿನಲ್ಲಿ ಹೋಗುವವರು ಅವರಲ್ಲವಲ್ಲ.

ಸೀಸನ್ ಶುರುವಾಗುವ ಮೊದಲು ಇಂಜಿನ್ ಚಾಲೂ ಮಾಡಿ ನೋಡಿದರೆ, ಎದುರಿನ ಮೀಟರುಗಳ ಮುಳ್ಳುಗಳೆಲ್ಲ ಒಂದೇ ಸಲ ಬಲಕ್ಕೆ ವಾಲಿದವು. ಶಾಖದ ಮೀಟರು ಕೆಂಪು ಗೆರೆ ದಾಟಿತು. ತಳದಲ್ಲಿ ಚೂರೇ ಚೂರು ಡೀಸೆಲ್ ಇದ್ದ ಟ್ಯಾಂಕನ್ನು ಡೀಸೆಲ್ ಮೀಟರು ಫುಲ್ ಎಂದಿತು. ಮಂಡೆಯಲ್ಲಿ ಬುದ್ಧಿ ಇದ್ದವನಿಗೆ ಅಲ್ಲೇ ಅನುಮಾನ ಬರಬೇಕು. ಭಾವನಿಗೆ ಡೀಸೆಲ್ ಮೀಟರು ಸುಳ್ಳೆಂದು ತಿಳಿಯಿತು, ಪಕ್ಕದ್ದು ಮಾತ್ರ ಸತ್ಯ ಹರಿಶ್ಚಂದ್ರನೆಂದು ನಂಬಿದ.

ಕುಮಟೆಯಿಂದ ತನ್ನ ದೋಸ್ತಿಯೊಬ್ಬನನ್ನು ಕರೆಸಿದ. ಆ ಮಹಾಶಯನಿಗೆ ಗೊತ್ತಿಲ್ಲದ್ದು ಎಂಬುದೇ ಇಲ್ಲ. ಇಂಜಿನ್ ಮುಟ್ಟಿಯೂ ನೋಡದೆ, ಅದನ್ನು ತಣಿಸಲು ಹೊರಗಿನ ನೀರೆಳೆಯುವ ಪಂಪು ಹೋಗಿದೆ ಎಂದು ತೀರ್ಪು ಕೊಟ್ಟ. ಪಂಪು ಬಿಚ್ಚಿದ, ಒಳಗಿನ ರಬ್ಬರ್ ಚಕ್ರ ಬದಲಿಸಿದ, ಮತ್ತೆ ಕೂರಿಸಿದ. ಮುಳ್ಳು ಕೆಂಪಿನಲ್ಲೇ ಇತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಕೆಲಸ. ಹಾಗಾದರೆ ಇದು ದೃಷ್ಟಿಯೇ ಎಂದು ಮೀಟರಿನ ಮೇಲೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿ, ಚಾ ಕುಡಿದು ಹೋದ.

ಆಮೇಲೆ ಭಾವನಿಗೆ ನನ್ನ ನೆನಪಾಯಿತು. ನಾನು ಭಟ್ಕಳದಲ್ಲಿ ಬೋಟುಗಳ ವಯರಿಂಗ್ ಮಾಡಿ ಹೊಟ್ಟೆ ಹೊರೆಯುವವನು. ಮನೆಯವನಾದ್ದರಿಂದ ಅವನ ಲೆಕ್ಕದಲ್ಲಿ ಕೊನೆಯವನು. ಇಂಜಿನ್ ಚಾಲೂ ಮಾಡಿಸಿ ಅದರ ಮೇಲೆ ಅಂಗೈ ಇಟ್ಟೆ. ತಣ್ಣಗಿತ್ತು. ಮೀಟರು ಮಾತ್ರ ಕುದಿಯುತ್ತಿದೆ ಎನ್ನುತ್ತಿತ್ತು. ಬೋಟಿನ ಲೈಟು ಆರಿಸಿದೆ, ಮುಳ್ಳುಗಳೆಲ್ಲ ಚೂರು ಇಳಿದವು. ಹಾಕಿದೆ, ಮತ್ತೆ ಏರಿದವು. ಲೈಟು ಹಾಕಿದರೆ ಡೀಸೆಲ್ ಹೆಚ್ಚಾಗುವ ಟ್ಯಾಂಕನ್ನು ದೇವರು ಇನ್ನೂ ಯಾರಿಗೂ ಕೊಟ್ಟಿಲ್ಲ.

ಆ ಮೀಟರುಗಳಿಗೂ ಲೈಟಿಗೂ ಸೇರಿ, ಇಂಜಿನ್ನಿನ ಮೈಗೆ ಬಿಗಿದ ಅರ್ಥಿಂಗ್ ವಯರು ಒಂದೇ. ಭಾವ ಅದನ್ನು ಬಿಚ್ಚಿ, ಅಡಿಯಲ್ಲಿ ದಪ್ಪಗೆ ಬಳಿದು, ಆ ಬಣ್ಣದ ಮೇಲೆಯೇ ಬೋಲ್ಟು ಬಿಗಿದಿದ್ದ. ಬಣ್ಣ ದಾಟಿ ಕರೆಂಟು ಸರಿಯಾಗಿ ಹರಿಯದೆ ಮೀಟರುಗಳೆಲ್ಲ ಸುಳ್ಳು ಹೇಳುತ್ತಿದ್ದವು. ಚಾಕುವಿನಿಂದ ಕೆರೆದು, ಕಬ್ಬಿಣ ಕಂಡ ಮೇಲೆ ವಯರು ಕೂರಿಸಿದೆ. ಮುಳ್ಳುಗಳು ತಂತಮ್ಮ ಜಾಗಕ್ಕೆ ಬಂದವು. ಹಸಿರು ಹಾಳಾಯಿತೆಂದು ಭಾವ ಮುಖ ಊದಿಸಿಕೊಂಡ.

ಡೀಸೆಲ್ ತುಂಬಿಸಿ, ಪರೀಕ್ಷೆಗೆಂದು ನಾವಿಬ್ಬರೇ ಹೊರಟೆವು. ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ಮರಳ ದಿಬ್ಬದ ಮೇಲೆ ತೆರೆ ಒಡೆಯುತ್ತಿತ್ತು. ಅಲ್ಲಿ ಇಂಜಿನ್ ನಿಂತರೆ ಬೋಟು ಅಡ್ಡ ತಿರುಗಿ ಮಗುಚುತ್ತದೆ, ನಮ್ಮ ಕಡೆ ಇದು ಎಲ್ಲರಿಗೂ ಗೊತ್ತು. ಭಾವ ಜೋರು ಬಿಟ್ಟ. ಶಾಖದ ಮುಳ್ಳು ಮೆಲ್ಲಗೆ ಏರತೊಡಗಿತು, ಈ ಸಲ ಅದೊಂದೇ. ಬಗ್ಗಿ ನೋಡಿದೆ. ಇಂಜಿನ್ ತಣಿಸಿ ಬೋಟಿನ ಪಕ್ಕದಿಂದ ಧಾರಾಳವಾಗಿ ಬೀಳಬೇಕಾದ ನೀರು ಹಬೆಯ ಜೊತೆ ನೂಲಿನಂತೆ ಬೀಳುತ್ತಿತ್ತು. ಕುಮಟೆಯ ಪಂಡಿತ ಪಂಪಿನ ಮುಚ್ಚಳವನ್ನು ಸರಿಯಾಗಿ ಬಿಗಿದಿರಲಿಲ್ಲ. ಚೆನ್ನಾಗಿದ್ದ ಪಂಪನ್ನು ಬಿಚ್ಚಿ ಕೆಡಿಸಿ ಹೋಗಿದ್ದ.

"ಬೋಟು ತಿರುಗ್ಸು ಭಾವಾ, ಇಂಜಿನ್ ಬಿಸಿ ಆತು," ಎಂದೆ.

"ಅದು ಮೊದ್ಲಿಂದ್ಲೂ ಹಂಗೇ ಸುಳ್ಳು ಹೇಳ್ತದೆ ತಮಾ," ಎಂದು ಅವನು ನಕ್ಕ. ಲೈಟು ಆರಿಸಿ ನೋಡು ಎಂದು ನನ್ನದೇ ಪಾಠವನ್ನು ನನಗೇ ಒಪ್ಪಿಸಿದ.

ಇಂಥವನಿಗೆ ಹೇಳಿ ಪ್ರಯೋಜನವಿಲ್ಲ. ಅವನ ಕೈ ಹಿಡಿದೆಳೆದು, ಪಕ್ಕದಲ್ಲೇ ಇದ್ದ ಆ ಚಂದದ ಹಸಿರು ಇಂಜಿನ್ನಿನ ಮೇಲೆ ಒತ್ತಿದೆ.

ಕೈ ಕಿತ್ತುಕೊಂಡ. ಜೋರು ಕಡಿಮೆ ಮಾಡಿ ಬೋಟು ತಿರುಗಿಸಿದ. ದಿಬ್ಬ ಹಿಂದೆ ಬಿದ್ದು, ಹೊಳೆಯ ತಣ್ಣನೆಯ ನೀರಿಗೆ ಬಂದ ಮೇಲೆ ಇಂಜಿನ್ ತಾನಾಗಿಯೇ ನಿಂತಿತು.

ಸಂಜೆ ಮನೆಯ ಜಗಲಿಯಲ್ಲಿ ಕೂತು ಭಾವ ಬಂದವರಿಗೆಲ್ಲ ಹೇಳುತ್ತಿದ್ದ: "ನಮ್ಮ ಇಂಜಿನ್ ಒಂದಿನಾ ಬಿಸಿ ಆಗಿರ್ಲಿಲ್ಲ. ಇಂವ ಬಂದು ಮೀಟರ್ ರಿಪೇರಿ ಮಾಡ್ದ, ಆಮೇಲೆ ಶುರುವಾತು."

ಅಕ್ಕ ಅವನ ಅಂಗೈಗೆ ತೆಂಗಿನೆಣ್ಣೆ ಹಚ್ಚುತ್ತ, ಇಷ್ಟು ಜೋರಾಗಿ ಒತ್ತಬೇಕಿತ್ತಾ ಎಂದು ನನಗೇ ಬೈದಳು. ಬೈಯಲಿ. ಎಣ್ಣೆ ಹಚ್ಚಲಿಕ್ಕೆ ಅವಳ ಗಂಡನ ಕೈ ಅಳಿವೆಯ ತಳದಲ್ಲಲ್ಲ, ಮನೆಯಲ್ಲಿತ್ತು.