ಹಾವಿನ ಹೊಟ್ಟೆಯ ಹೊಲಿಗೆ

ಬಣ್ಣದ ಗುಂಡು ಹೊಡೆದಾಡುವ ಪೇಂಟ್‌ಬಾಲ್ ಮೈದಾನದಲ್ಲಿ ಅವನಿಗೆ ತೇಪೆ ತಾತ ಎಂದೇ ಹೆಸರು. ಆಟಗಾರರು ಅಡಗುವ, ಗಾಳಿ ತುಂಬಿದ ಮರೆಗಳಿಗೆ ತೇಪೆ ಹಾಕುವುದು ಅವನ ಕೆಲಸ. ಒಂದೊಂದು ಮರೆಗೂ ಅದರ ಆಕಾರದ್ದೇ ಹೆಸರು. ಹಿಂದೆ ನಿಂತು ಕೂಗಿ ದಾರಿ ಹೇಳುವವನಿಗೆ ಆಳೆತ್ತರದ ಡ್ರಮ್ಮು. ಮಂಡಿಯೂರುವವನಿಗೆ ಇಟ್ಟಿಗೆ. ಓಡಿಬಂದು ಓರೆಯಲ್ಲಿ ಇಣುಕುವವನಿಗೆ ತ್ರಿಕೋನ. ಅಂಚಿನುದ್ದಕ್ಕೂ ಉದ್ದ ಕೊಳವೆಯಂತೆ ಮಲಗಿದ ಹಾವು ಮಾತ್ರ ಎದೆ ನೆಲಕ್ಕೊತ್ತಿ ತೆವಳುವ ಗಟ್ಟಿಗರ ಪಾಲು. ಎರಡು ತಂಡಕ್ಕೆ ಎರಡು ಹಾವು. ಒಂದು ಗೇಣು ತಗ್ಗಿದರೂ ಅದರ ಹಿಂದೆ ಅಡಗಿದವರ ತಲೆ ಬಣ್ಣಮಯ.

ಈ ಕಡೆಯ ಹಾವು ತಗ್ಗತೊಡಗಿ ತಿಂಗಳಾಗಿತ್ತು. ಮೈದಾನ ನಡೆಸುತ್ತಿದ್ದ ಅಳಿಯ ಬಂದು ನಿಂತ.

"ಮಾವ, ಇದರಲ್ಲಿ ಬಟ್ಟೆಗಿಂತ ತೇಪೆನೇ ಜಾಸ್ತಿ ಆಯ್ತು. ಭಾನುವಾರದ ಪಂದ್ಯಕ್ಕೆ ಸರಿಹೋಗದಿದ್ರೆ ಗುಜರಿಗೆ ಹಾಕ್ಬಿಡ್ತೀನಿ."

"ಹಾಕಿ ಅಳಿಯಂದಿರೇ. ಜೊತೆಗೆ ನನ್ನನ್ನೂ ಹಾಕಿ, ತೂಕ ಬರುತ್ತೆ."

"ನಿಮ್ಮನ್ನ ಗುಜರಿಯವನು ಸಂಜೆಯೊಳಗೆ ವಾಪಸ್ ತಂದುಬಿಡ್ತಾನೆ."

ತಾತ ನಕ್ಕ. ಆದರೆ ಆ ಹಾವು ಹೆಂಡತಿಯ ಕೈಕೆಲಸ. ತಮ್ಮ ಡೇರೆ ಹೊಲಿಯುವ ಅಂಗಡಿ ಮುಚ್ಚಿದ ವರ್ಷ, ಮನೆಯ ಮುಂದಿನ ಕೋಣೆಯಲ್ಲಿ ಇಬ್ಬರೂ ಹೊಲಿದದ್ದು. ಅವಳು ಮಷಿನ್ ತುಳಿಯುವಾಗ ಬಟ್ಟೆಯ ಬಾಲ ಬಾಗಿಲು ದಾಟಿ ಬೀದಿಯವರೆಗೆ ಹೋಗಿತ್ತು. ಆ ತುದಿಯಲ್ಲಿ ಅವನು. "ಎಳೀಬೇಡ್ರೀ, ಹಿಡ್ಕೊಳ್ಳಿ ಸಾಕು," ಎಂದು ದಿನಕ್ಕೆ ಹತ್ತು ಸಲ ಗದರುತ್ತಿದ್ದಳು. ಅವಳು ಹೋಗಿ ನಾಲ್ಕು ವರ್ಷ.

ಶನಿವಾರ ಬೆಳಿಗ್ಗೆ ತಾತ ಹಾವಿನ ಮೈಗೆಲ್ಲ ಸಾಬೂನು ನೀರು ಸವರಿದ. ತೇಪೆಗಳೆಲ್ಲ ಭದ್ರವಾಗಿದ್ದವು. ಗಾಳಿ ಸೋರಿ ಗುಳ್ಳೆ ಎದ್ದದ್ದು ಹೊಟ್ಟೆಯಡಿಯ ಉದ್ದ ಹೊಲಿಗೆಯಲ್ಲಿ. ಅದು ಅವನಿಗೆ ತಿಂಗಳಿಂದ ಗೊತ್ತಿತ್ತು. ಅವಳ ಹೊಲಿಗೆಗೆ ಬ್ಲೇಡು ಇಡಲು ಕೈ ಬಾರದೆ, ಸುತ್ತಲಿನ ಗಟ್ಟಿ ಬಟ್ಟೆಗೇ ತೇಪೆ ಮೆತ್ತುತ್ತ ಬಂದಿದ್ದ.

ಅಳಿಯ ಗುಳ್ಳೆಗಳನ್ನು ನೋಡಿದ, ಮಾವನ ಮುಖ ನೋಡಿದ. ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಬ್ಲೇಡು ಚಾಚಿದ.

"ಅತ್ತೆ ಇದ್ದಿದ್ರೆ ಇಷ್ಟೊತ್ತಿಗೆ ಬಿಚ್ಚಿ ಹೊಲಿದು, ನಿಮಗೆರಡು ಅಂದೂ ಆಗಿರೋದು."

ತಾತ ಬಿಚ್ಚಿದ. ಸವೆದ ದಾರ ಬೆರಳಲ್ಲೇ ಪುಡಿಯಾಯಿತು. ಹಳೆಯ ಮಷಿನ್ ಮುಂದೆ ಕೂತು ತುಳಿಯತೊಡಗಿದಾಗ, ಆ ತುದಿಯಲ್ಲಿ ಅಳಿಯ ಬಟ್ಟೆಯನ್ನು ಬಲವಾಗಿ ಜಗ್ಗಿದ.

"ಎಳೀಬೇಡ್ರೀ, ಹಿಡ್ಕೊಳ್ಳಿ ಸಾಕು."

ಅಂದವನು ತಾತನೇ. ಕಾಲು ಒಂದು ಗಳಿಗೆ ನಿಂತು, ಮತ್ತೆ ತುಳಿಯಿತು.

ಭಾನುವಾರ ಹಾವು ಬಿಗಿದುಕೊಂಡು ಮಲಗಿತ್ತು. ಅದರ ಹಿಂದೆ ತೆವಳಿದ್ದ ಹುಡುಗಿ ಮೈಯೆಲ್ಲ ಧೂಳಾಗಿ ಎದ್ದು ಬಂದಳು.

"ತಾತ, ಇವತ್ತು ತಲೆಗೆ ಒಂದು ಗುಂಡೂ ಬೀಳಲಿಲ್ಲ."

"ಗೊತ್ತಮ್ಮ. ಅಳೆದೇ ಮಲಗಿಸಿದ್ದೀನಿ."

ಆ ಕಡೆಯ ಹಾವಿನ ಹೊಟ್ಟೆಗೂ ಹೆಂಡತಿಯದೇ ಹೊಲಿಗೆ, ಅದೇ ಹಳೆಯ ದಾರ. ಮೈದಾನ ಖಾಲಿಯಾದ ಮೇಲೆ ತಾತ ಸಾಬೂನು ನೀರಿನ ಬೋಗುಣಿ ಎತ್ತಿಕೊಂಡು ಅತ್ತ ನಡೆದ.